ಕೆಲಸ ಕಾರ್ಖಾನೆಯಲ್ಲಿ, ಹೆಸರು ಕಾಲೇಜಿನಲ್ಲಿ

ಡಿಪ್ಲೊಮಾ, ಡಿಗ್ರಿಗೆ ಹೋದ ನಮ್ಮ ಹಳೆಯ ವಿದ್ಯಾರ್ಥಿಗಳು ಕೇಳುವುದುಂಟು: "ಸಾರ್, ಇಂಟರ್ನ್‌ಶಿಪ್ ಅಂತ ಕಂಪೆನಿಗೆ ಹೋದರೆ ನಾವು ವಿದ್ಯಾರ್ಥಿಗಳೋ, ಕೆಲಸಗಾರರೋ?" ಈ ಪ್ರಶ್ನೆಗೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ.

ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಎಂಬ ಇಂಜಿನಿಯರಿಂಗ್ ಅಧ್ಯಾಪಕರಿದ್ದರು. ಪುಸ್ತಕದ ಪಾಠ ಯಂತ್ರದ ಮುಂದೆ ನಿಂತಾಗಲೇ ಗಟ್ಟಿಯಾಗುತ್ತದೆ ಎಂಬುದು ಅವರ ನಂಬಿಕೆ. ಆಡಳಿತ ಮಂಡಳಿ ಒಂದು ವರ್ಷದ ಪ್ರಯೋಗಕ್ಕಷ್ಟೇ ಒಪ್ಪಿತು. ಸೋತರೆ ಹೊಣೆ ತನ್ನದಲ್ಲ ಎಂದಿತು. 1906ರಲ್ಲಿ 27 ವಿದ್ಯಾರ್ಥಿಗಳೊಂದಿಗೆ 'ಕೋ-ಆಪ್' ಶಿಕ್ಷಣ ಆರಂಭವಾಯಿತು. ಇಬ್ಬಿಬ್ಬರ ಜೋಡಿ: ಈ ವಾರ ಒಬ್ಬ ತರಗತಿಯಲ್ಲಿ, ಇನ್ನೊಬ್ಬ ಕಾರ್ಖಾನೆಯಲ್ಲಿ, ಮುಂದಿನ ವಾರ ಅದಲು ಬದಲು. ಕೂಲಿಯೂ ಸಿಗುತ್ತಿತ್ತು, ವಿದ್ಯಾರ್ಥಿ ಎಂಬ ಹೆಸರೂ ಉಳಿಯುತ್ತಿತ್ತು. ಏಕೆಂದರೆ ಕಾರ್ಖಾನೆಯ ವಾರವೂ ಕೋರ್ಸಿನ ಭಾಗವೇ ಆಗಿತ್ತು. ಈ ಪದ್ಧತಿಯನ್ನು 1909ರಲ್ಲಿ ಬಾಸ್ಟನ್ನಿನ ನಾರ್ತ್‌ಈಸ್ಟರ್ನ್, 1957ರಲ್ಲಿ ಕೆನಡಾದ ವಾಟರ್‌ಲೂ ಕೈಗೆತ್ತಿಕೊಂಡವು.

ನಮ್ಮ ದೇಶದ 1961ರ ಅಪ್ರೆಂಟಿಸ್ ಕಾಯ್ದೆಯೂ ಅಪ್ರೆಂಟಿಸ್‌ಗಳು ತರಬೇತಿ ಪಡೆಯುವವರು, ಕೆಲಸಗಾರರಲ್ಲ ಎನ್ನುತ್ತದೆ. ಇಂದು ಎಫ್-1 ವೀಸಾದಲ್ಲಿ ಅಮೆರಿಕಕ್ಕೆ ಹೋಗಿ ಓದುವವರು ಹೊರಗೆ ಇಂಟರ್ನ್‌ಶಿಪ್ ಮಾಡಬೇಕಾದರೆ ಅದು ಪಠ್ಯಕ್ರಮದ ಅಂಗವಾಗಿರಬೇಕು. ಕೆಲಸ ಶುರುವಾಗುವ ಮೊದಲೇ ಅನುಮತಿ ದಾಖಲಾಗಿರಬೇಕು. ತಪ್ಪಿದರೆ ವೀಸಾ ಸ್ಥಾನಮಾನಕ್ಕೇ ಕುತ್ತು.

ಆದ್ದರಿಂದ ಮಕ್ಕಳೇ, ಹೊರಡುವ ಮುನ್ನ ಮೂರು ಸಂಗತಿ ನೋಡಿಕೊಳ್ಳಿ. ಇಂಟರ್ನ್‌ಶಿಪ್ ಪಠ್ಯಕ್ರಮದಲ್ಲಿದೆಯೇ? ಆ ಸೆಮಿಸ್ಟರಿಗೆ ನೋಂದಣಿಯಾಗಿದೆಯೇ? ಕಾಲೇಜಿನ ಪತ್ರ ಕೈಯಲ್ಲಿದೆಯೇ? ಸ್ಕಾಲರ್‌ಶಿಪ್, ಹಾಸ್ಟೆಲ್, ಬಸ್ ಪಾಸ್ ಕೇಳುವಾಗ ಮಾತಲ್ಲ, ಕಾಗದವೇ ನಿಮ್ಮ ಪರವಾಗಿ ನಿಲ್ಲುವುದು.