ಎಲೆ ಕುದಿಸಿದರೆ ಪೆಟ್ರೋಲ್ ಬರುತ್ತಾ? ರಾಮರ್ ಪಿಳ್ಳೈ ಪ್ರಕರಣ ಮತ್ತು ನಮ್ಮ ಹೊಂಗೆ ಮರ

ಚೆನ್ನೈನಲ್ಲಿ ಕೆಲಸ ಮಾಡೋ ಕನ್ನಡಿಗರಿಗೆ ಈ ಅನುಭವ ಆಗಿರುತ್ತೆ. ಕ್ಯಾಂಟೀನ್‌ನಲ್ಲಿ ಪೆಟ್ರೋಲ್ ರೇಟಿನ ಮಾತು ಶುರುವಾದರೆ ಸಾಕು, ನಲವತ್ತು ದಾಟಿದ ಯಾರಾದರೂ ಒಬ್ಬ ತಮಿಳು ಸಹೋದ್ಯೋಗಿ ರಾಮರ್ ಪಿಳ್ಳೈ ಹೆಸರು ತೆಗೀತಾರೆ. ಅರ್ಧ ಜನ ನಗ್ತಾರೆ. ಉಳಿದರ್ಧ ಜನ, "ಪಾಪ, ಹಳ್ಳಿ ಹುಡುಗ, ದೊಡ್ಡ ಕಂಪನಿಗಳು ಸೇರಿ ಮುಗಿಸಿಬಿಟ್ಟವು" ಅಂತಾರೆ. ಇವತ್ತಿನ ಮಾತು ಮುಖ್ಯವಾಗಿ ಈ ಎರಡನೇ ಗುಂಪಿನವರಿಗೆ. ಯಾಕಂದ್ರೆ ಅವರು ಕೇಳ್ತಿರೋ ಪ್ರಶ್ನೆ ದಡ್ಡ ಪ್ರಶ್ನೆ ಅಲ್ಲ. ಗಿಡದಿಂದ ಇಂಧನ ಬರೋದು ನಿಜ. ಹಾಗಾದರೆ ಇವರ ಇಂಧನ ಮಾತ್ರ ಯಾಕೆ ಸುಳ್ಳು?

ಮೊದಲು ಕಾಲ ಯಾವುದು ಅಂತ ನೋಡೋಣ. 1996. ದೆಹಲಿಯಲ್ಲಿ ಸಂಯುಕ್ತ ರಂಗದ ಸರ್ಕಾರ, ನಮ್ಮ ಎಚ್.ಡಿ. ದೇವೇಗೌಡರು ಪ್ರಧಾನಿ. ಆ ಜುಲೈನಲ್ಲಷ್ಟೇ ಸರ್ಕಾರ ಇಂಧನದ ಬೆಲೆ ಏರಿಸಿತ್ತು, ಗಲಾಟೆ ಆಗಿತ್ತು. ಆರ್ಥಿಕ ಬಿಕ್ಕಟ್ಟಿನಲ್ಲಿ ದೇಶದ ಚಿನ್ನ ಒತ್ತೆ ಇಟ್ಟ 1991ರ ನೆನಪೂ ಇನ್ನೂ ಹಸಿಯಾಗಿತ್ತು. ತಮಿಳುನಾಡಿನಲ್ಲಿ ಕರುಣಾನಿಧಿಯವರು ಮತ್ತೆ ಮುಖ್ಯಮಂತ್ರಿಯಾಗಿ ಕೆಲವೇ ತಿಂಗಳು ಕಳೆದಿತ್ತು. ಇಂಥ ಹೊತ್ತಿನಲ್ಲಿ ರಾಜಪಾಳ್ಯಂ ಕಡೆಯ, ಹೆಚ್ಚು ಓದದ ಒಬ್ಬ ಯುವಕ ಬಂದು, ಪಶ್ಚಿಮ ಘಟ್ಟದಲ್ಲಿ ಬೆಳೆಯೋ ಒಂದು ಮೂಲಿಕೆಯಿಂದ ಲೀಟರಿಗೆ ಒಂದು ರೂಪಾಯಿ ಆಸುಪಾಸಿನ ಖರ್ಚಿನಲ್ಲಿ ಪೆಟ್ರೋಲ್ ಮಾಡ್ತೀನಿ ಅಂದರೆ ಯಾರು ತಾನೇ ಕಿವಿಗೊಡಲ್ಲ? ತಮಿಳರು ಅದನ್ನ 'ಮೂಲಿಗೈ ಪೆಟ್ರೋಲ್' ಅಂತ ಕರೆದರು. ಗಿಡಮೂಲಿಕೆ ಪೆಟ್ರೋಲ್.

ವಿಧಾನ ಕೇಳಿದರೆ ಅಡುಗೆ ಮಾಡಿದಷ್ಟೇ ಸರಳ. ಪಾತ್ರೆಯಲ್ಲಿ ನೀರು, ಅದಕ್ಕೆ ಮೂಲಿಕೆಯ ಎಲೆ, ಸುಮಾರು ಹತ್ತು ನಿಮಿಷ ಕುದಿತ. ಆಮೇಲೆ ಉಪ್ಪು, ಸಿಟ್ರಿಕ್ ಆಮ್ಲ, ಇನ್ನೇನೋ ಹೆಸರು ಹೇಳದ ಒಂದೆರಡು ಪುಡಿ. ಕೋಲಿನಿಂದ ಚೆನ್ನಾಗಿ ಕಲಕೋದು, ಆರಲು ಬಿಡೋದು. ಮೇಲೆ ಒಂದು ದ್ರವ ತೇಲುತ್ತೆ. ಅದನ್ನ ಸೋಸಿ ಬೆಂಕಿ ಕೊಟ್ಟರೆ ಭಗ್ ಅಂತ ಹತ್ತಿಕೊಳ್ಳುತ್ತೆ, ಗಾಡಿಗೆ ಹಾಕಿದರೆ ಗಾಡಿ ಓಡುತ್ತೆ. ಅರ್ಧ ಗಂಟೆಯೊಳಗೆ ಕೆಲಸ ಮುಗೀತು.

ಇದು ಬರೀ ಸಂತೆಯಲ್ಲಿ ನಡೆದ ಆಟ ಅಲ್ಲ. ದೆಹಲಿಯಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯವರ ಮುಂದೆ ಪ್ರದರ್ಶನ ಆಯ್ತು. ಆಗ ಆ ಇಲಾಖೆಯ ಕಾರ್ಯದರ್ಶಿಯಾಗಿದ್ದ ವಲಂಗೈಮಾನ್ ರಾಮಮೂರ್ತಿಯವರು ಸ್ವತಃ ವಿಜ್ಞಾನಿ. ನೋಡಿದವರಿಗೆ ಇದರಲ್ಲಿ ಏನೋ ಇದೆ ಅನ್ನಿಸಿತು. ಪತ್ರಿಕೆಗಳಿಗೆ ಅಷ್ಟು ಸಾಕಾಗಿತ್ತು. ದೇಶ ಬದಲಾಗೋದು ಇನ್ನೇನು ನಾಳೆಯೇ ಅನ್ನೋ ಹಾಗೆ ಸುದ್ದಿ ಹಬ್ಬಿತು.

ಆಮೇಲೆ ಐಐಟಿ ಮದ್ರಾಸ್‌ನಲ್ಲಿ ಬಿಗಿಯಾದ ನಿಗಾದಲ್ಲಿ ಮತ್ತೆ ಪ್ರಯೋಗ ಮಾಡಿಸಿದರು. ಈ ಸಲ ವಿಜ್ಞಾನಿಗಳ ಕಣ್ಣು ಎಲೆಯ ಮೇಲೆ ಮಾತ್ರ ಇರಲಿಲ್ಲ, ಕಲಕುವ ಕೋಲಿನ ಮೇಲೂ ಬಿತ್ತು. ಕೋಲು ಟೊಳ್ಳಾಗಿತ್ತು. ಒಳಗೆ ಇಂಧನ, ತುದಿಗೆ ಮೇಣದ ಮುಚ್ಚಳ. ಬಿಸಿ ನೀರಲ್ಲಿ ಕಲಕಿದ ಹಾಗೆಲ್ಲ ಮೇಣ ಕರಗಿ, ಒಳಗಿದ್ದದ್ದು ನೀರಿಗೆ ಇಳಿದು, ಹಗುರ ಇರೋದರಿಂದ ಮೇಲೆ ತೇಲುತ್ತೆ. ವಿಜ್ಞಾನಿಗಳು ಕೊಟ್ಟ ವಿವರಣೆ ಇದು. ರಾಮರ್ ಪಿಳ್ಳೈ ಇದನ್ನ ಒಪ್ಪಲೇ ಇಲ್ಲ. ತಮ್ಮ ವಿರುದ್ಧ ಪಿತೂರಿ ನಡೆದಿದೆ ಅಂತಲೇ ವಾದಿಸುತ್ತಾ ಬಂದರು.

ಇಲ್ಲಿ ನಮ್ಮ ವೃತ್ತಿಯವರಿಗೆ ಚೆನ್ನಾಗಿ ಗೊತ್ತಿರೋ ವಿಷಯ ಒಂದಿದೆ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಕ್ಲೈಂಟ್‌ಗೆ ತೋರಿಸಿದ ಡೆಮೋ ಅದ್ಭುತವಾಗಿತ್ತು, ಸರ್ಚ್ ಕ್ಷಣಾರ್ಧದಲ್ಲಿ ಉತ್ತರ ಕೊಡ್ತಿತ್ತು. ಆ ಐದು ಪ್ರಶ್ನೆಗಳ ಉತ್ತರ ಮೊದಲೇ ಕೋಡ್‌ನಲ್ಲಿ ಬರೆದಿಟ್ಟದ್ದು ಅಂತ ಆಮೇಲೆ ಗೊತ್ತಾಯ್ತು. ಆರನೇ ಪ್ರಶ್ನೆ ಕೇಳೋಕೆ ಕ್ಲೈಂಟ್‌ಗೆ ತೋಚಲೇ ಇಲ್ಲ. ವಿಜ್ಞಾನಿಗಳು ಮೋಸ ಹೋಗೋದು ಕೂಡ ಹೀಗೇ. ಪ್ರಕೃತಿ ಕಷ್ಟ ಕೊಡುತ್ತೆ, ಬಚ್ಚಿಟ್ಟುಕೊಳ್ಳುತ್ತೆ, ಆದರೆ ಬೇಕೂಂತ ಮೋಸ ಮಾಡಲ್ಲ. ಜೀವಮಾನವಿಡೀ ಪ್ರಕೃತಿಯ ಜೊತೆ ವ್ಯವಹಾರ ಮಾಡಿದವರು, ಎದುರಿಗೆ ನಿಂತ ಮನುಷ್ಯನ ಕೈಯಲ್ಲಿರೋ ಕೋಲನ್ನ ಅನುಮಾನಿಸಲ್ಲ. ಅದನ್ನ ಅನುಮಾನಿಸೋದು ಜಾದೂಗಾರ.

ಸರಿ, ಕೋಲಿನ ಕಥೆ ಬಿಡಿ. ಪಿತೂರಿ ಅನ್ನೋರ ಮಾತೇ ನಿಜ ಅಂತ ಇಟ್ಟುಕೊಳ್ಳೋಣ. ಕೋಲನ್ನ ಮುಟ್ಟದೆ, ಬರೀ ಪೆನ್ನು ಕಾಗದದಲ್ಲಿ ಪರೀಕ್ಷೆ ಮಾಡಬಹುದು.

ಒಂದು ಲೀಟರ್ ಪೆಟ್ರೋಲ್ ಸುಮಾರು 740 ಗ್ರಾಂ ತೂಗುತ್ತೆ. ಅದರಲ್ಲಿ ನೂರಕ್ಕೆ 85 ಭಾಗ ಕಾರ್ಬನ್. ಅಂದ್ರೆ 630 ಗ್ರಾಂ ಕಾರ್ಬನ್ ಎಲ್ಲಿಂದಾದರೂ ಬರಲೇಬೇಕು. ನೀರಿನಲ್ಲಿ ಕಾರ್ಬನ್ ಇಲ್ಲ, ಉಪ್ಪಿನಲ್ಲೂ ಇಲ್ಲ. ಸಿಟ್ರಿಕ್ ಆಮ್ಲದಲ್ಲಿ ಇದೆ, ಆದರೆ ಹಾಕೋದು ಚಿಟಿಕೆಯಷ್ಟು. ಉಳಿದದ್ದು ಎಲೆ. ಒಣ ಎಲೆಯ ತೂಕದಲ್ಲಿ ಹೆಚ್ಚುಕಮ್ಮಿ 45 ಪರ್ಸೆಂಟ್ ಕಾರ್ಬನ್. ಒಂದು ಕಣವೂ ವ್ಯರ್ಥ ಆಗದೆ ಅಷ್ಟೂ ಪೆಟ್ರೋಲ್ ಆಯ್ತು ಅಂದುಕೊಂಡರೂ 1.4 ಕೆಜಿ ಒಣ ಎಲೆ ಬೇಕು. ಹಸಿ ಎಲೆಯಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತೆ, ಹಾಗಾಗಿ ಸುಮಾರು ಐದೂವರೆ ಕೆಜಿ.

ಇನ್ನು ಶಕ್ತಿಯ ಲೆಕ್ಕ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 32 ಮೆಗಾಜೂಲ್ ಶಾಖ ಬರುತ್ತೆ. ಒಂದು ಕೆಜಿ ಒಣ ಎಲೆ ಉರಿದರೆ ಸುಮಾರು 17. ಶಕ್ತಿ ಗಾಳಿಯಿಂದ ಉದುರಲ್ಲ, ಹಾಗಾಗಿ ಕನಿಷ್ಠ 1.9 ಕೆಜಿ ಒಣ ಎಲೆ, ಅಂದ್ರೆ ಏಳೂವರೆ ಕೆಜಿ ಹಸಿ ಸೊಪ್ಪು. ಇದು ಒಂದಿಷ್ಟೂ ನಷ್ಟ ಇಲ್ಲದ ಕನಸಿನ ಲೆಕ್ಕ. ಒಂದು ಹಿಡಿ ಸೊಪ್ಪು ಹಾಕಿ ಲೀಟರ್‌ಗಟ್ಟಲೆ ತೆಗೀತೀನಿ ಅಂದರೆ ಅಲ್ಲಿಗೇ ಮಾತು ಮುಗೀತು. ಮೂಲಿಕೆ ಎಷ್ಟೇ ಅಪರೂಪದ್ದಾಗಿರಲಿ, ಅದು ಈ ಲೆಕ್ಕದಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ.

ಇನ್ನೂ ಒಂದು ದಾರಿ ಇದೆ. ಜೀವಂತ ಗಿಡ ಗಾಳಿಯಿಂದ ಎಳೆದುಕೊಳ್ಳೋ ಕಾರ್ಬನ್‌ನಲ್ಲಿ ಕಾರ್ಬನ್-14 ಅಲ್ಪ ಪ್ರಮಾಣದಲ್ಲಿ ಇರುತ್ತೆ. ಕೋಟ್ಯಂತರ ವರ್ಷ ನೆಲದಡಿ ಇದ್ದ ಕಚ್ಚಾ ತೈಲದಲ್ಲಿ ಅದು ಪೂರ್ತಿ ಕ್ಷಯಿಸಿರುತ್ತೆ. ನಿನ್ನೆ ಕಿತ್ತ ಎಲೆಯ ಪೆಟ್ರೋಲಿಗೂ ಬಂಕಿನ ಪೆಟ್ರೋಲಿಗೂ ವ್ಯತ್ಯಾಸ ಹೇಳೋಕೆ ಒಂದು ಬಾಟಲಿ ಸಾಕು. ಗುಟ್ಟಿನ ಮೂಲಿಕೆಯ ಹೆಸರು ಕೂಡ ಬೇಕಿಲ್ಲ.

ಕಥೆ ಐಐಟಿಯಲ್ಲೇ ಮುಗಿದಿದ್ದರೆ ಇದು ನಗೆಪ್ರಸಂಗವಾಗಿ ಉಳೀತಿತ್ತು. ಮುಂದಿನದ್ದು ದುಡ್ಡಿನ ವಿಷಯ. ಕೆಲವು ವರ್ಷಗಳ ನಂತರ ಚೆನ್ನೈನಲ್ಲಿ ಮಳಿಗೆಗಳ ಮೂಲಕ ಈ 'ಮೂಲಿಕೆ ಇಂಧನ' ಮಾರಾಟಕ್ಕೇ ಬಂತು. 2000ದಲ್ಲಿ ಸಿಬಿಐ ಕೇಸು ಹಾಕಿತು. ಟೊಲುವೀನ್, ನಾಫ್ತಾ ಥರದ ಪೆಟ್ರೋಲಿಯಂ ಉತ್ಪನ್ನಗಳನ್ನ ಕಲಸಿ ಮೂಲಿಕೆ ಇಂಧನ ಅಂತ ಮಾರಿದ್ದಾರೆ, ಹಾಗೆ ಗಳಿಸಿದ್ದು 2.27 ಕೋಟಿ ರೂಪಾಯಿ ಅನ್ನೋದು ಆರೋಪ. ಕೇಸು ಹದಿನಾರು ವರ್ಷ ಎಳೆಯಿತು. 2016ರ ಅಕ್ಟೋಬರ್‌ನಲ್ಲಿ ಚೆನ್ನೈನ ಎಗ್ಮೋರ್ ನ್ಯಾಯಾಲಯ ರಾಮರ್ ಪಿಳ್ಳೈ ಮತ್ತು ಇತರ ನಾಲ್ವರಿಗೆ ಮೂರು ವರ್ಷಗಳ ಕಠಿಣ ಸಜೆ ವಿಧಿಸಿತು. ಈ ನಡುವೆ 2010ರ ಹೊತ್ತಿಗೆ ಅವರು ಇನ್ನೊಂದು ಹೊಸ ಇಂಧನ ಅಂತಲೂ ಬಂದಿದ್ದರು.

ಇಂಥ ಕಥೆ ನಮ್ಮಲ್ಲಿ ಮಾತ್ರ ಅಂದುಕೋಬೇಡಿ. 1916ರಲ್ಲಿ, ಮೊದಲ ಮಹಾಯುದ್ಧದ ಕಾಲದಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಲೂಯಿ ಎನ್ರಿಕ್ಟ್ ಅನ್ನೋರು ನೀರಿಗೆ ಒಂದು ಹಸಿರು ದ್ರವ ಬೆರೆಸಿ ಕಾರು ಓಡಿಸಿ ತೋರಿಸಿದ್ದರು. ಒಂದು ಗ್ಯಾಲನ್‌ಗೆ ಒಂದು ಸೆಂಟ್ ಅಂದಿದ್ದರು. ಪೆಟ್ರೋಲ್ ತುಟ್ಟಿಯಾದಾಗಲೆಲ್ಲ ಒಬ್ಬರು ಹೀಗೆ ಹುಟ್ಟಿಕೊಳ್ಳುತ್ತಾರೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಗಿಡದಿಂದ ಇಂಧನ ನಿಜಕ್ಕೂ ಬರುತ್ತೆ ಅಂದೆನಲ್ಲ, ಅದರ ಇತಿಹಾಸ ಹಳೇದು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲೇ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ನಮ್ಮಲ್ಲಿ ಇದರ ಹೀರೋ ಹೊಂಗೆ. ಊರಲ್ಲಿ ಹೊಂಗೆ ಎಣ್ಣೆ ದೀಪ ಉರಿಸುತ್ತಿದ್ದರು, ಹಿಂಡಿಯನ್ನ ಹೊಲಕ್ಕೆ ಹಾಕುತ್ತಿದ್ದರು, ನೆರಳಲ್ಲಿ ಮಲಗುತ್ತಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಉಡುಪಿ ಶ್ರೀನಿವಾಸ ಅವರ ತಂಡ ಅದೇ ಎಣ್ಣೆಯನ್ನ ಡೀಸೆಲ್ ಜನರೇಟರ್‌ಗೆ ಹಾಕಿ, ತುಮಕೂರು ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ನೀರೆತ್ತಿಸಿ ತೋರಿಸಿತು. ಅಲ್ಲಿ ಯಾವ ಗುಟ್ಟೂ ಇರಲಿಲ್ಲ. ಒಂದು ಲೀಟರ್ ಎಣ್ಣೆಗೆ ಮೂರೂವರೆಯಿಂದ ನಾಲ್ಕು ಕೆಜಿ ಬೀಜ ಬೇಕು, ಬೀಜ ಆಯಬೇಕು, ಒಣಗಿಸಬೇಕು, ಗಾಣಕ್ಕೆ ಹಾಕಬೇಕು. ಎಲ್ಲ ಕೂಲಿ ಕೆಲಸ. ಲೀಟರಿಗೆ ಒಂದು ರೂಪಾಯಿ ಅಂತ ಅವರು ಯಾವತ್ತೂ ಹೇಳೋಕೆ ಆಗ್ತಿರಲಿಲ್ಲ. ಮುಖಪುಟಕ್ಕೆ ಹೋಗಿದ್ದು ಮಾತ್ರ ಒಂದು ರೂಪಾಯಿಯವರು.

ಹಾಗಂತ ಸುಳ್ಳು ಭರವಸೆ ಬರೀ ವಂಚಕರದ್ದು ಅಂತಲೂ ಅಲ್ಲ. 2003ರಲ್ಲಿ ಯೋಜನಾ ಆಯೋಗದ ಸಮಿತಿ ಜತ್ರೋಫಾ, ಅಂದ್ರೆ ಕಾಡುಹರಳು, ಬೆಳೆಸಿ ಡೀಸೆಲ್‌ಗೆ ಬೆರೆಸೋ ದೊಡ್ಡ ಯೋಜನೆ ಮುಂದಿಟ್ಟಿತು. ಒಂದು ಕೋಟಿ ಹೆಕ್ಟೇರ್‌ಗೂ ಹೆಚ್ಚು ಜಾಗದ ಲೆಕ್ಕ ಅದು. ಬಂಜರು ನೆಲದಲ್ಲಿ, ನೀರಿಲ್ಲದೆ, ಆರೈಕೆ ಇಲ್ಲದೆ ಬೆಳೆಯುತ್ತೆ ಅಂದರು. ಗಿಡ ಬದುಕಿತು, ನಿಜ. ಆದರೆ ನೀರಿಲ್ಲದ ನೆಲದಲ್ಲಿ ಹೇಳಿದಷ್ಟು ಕಾಯಿ ಬಿಡಲಿಲ್ಲ. ನಂಬಿ ನೆಟ್ಟ ಎಷ್ಟೋ ರೈತರು ಕಿತ್ತು ಹಾಕಿದರು. ಅದೇ ಗಿಡದ ಎಣ್ಣೆಯಿಂದ ಡೆಹ್ರಾಡೂನ್‌ನ ಭಾರತೀಯ ಪೆಟ್ರೋಲಿಯಂ ಸಂಸ್ಥೆ ತಯಾರಿಸಿದ ಇಂಧನ ಬೆರೆಸಿ 2018ರ ಆಗಸ್ಟ್‌ನಲ್ಲಿ ಡೆಹ್ರಾಡೂನ್‌ನಿಂದ ದೆಹಲಿಗೆ ವಿಮಾನ ಹಾರಿತು. ರಸಾಯನಶಾಸ್ತ್ರ ಗೆದ್ದಿತ್ತು. ಸೋತದ್ದು ಹೊಲದ ಲೆಕ್ಕ.

ಇವತ್ತು ನಮ್ಮ ಗಾಡಿಗೆ ಹಾಕಿಸೋ ಇ20 ಕೂಡ ಗಿಡದ ಇಂಧನವೇ. ಒಂದು ಟನ್ ಕಬ್ಬಿನ ರಸದಿಂದ ಸುಮಾರು 70 ಲೀಟರ್ ಎಥನಾಲ್ ಬರುತ್ತೆ. ಲೀಟರಿಗೆ ಲೀಟರ್ ಹೋಲಿಸಿದರೆ ಎಥನಾಲ್‌ನ ಶಕ್ತಿ ಪೆಟ್ರೋಲಿನ ಮೂರನೇ ಎರಡು ಪಾಲು. ಹಾಗಾಗಿ 20 ಪರ್ಸೆಂಟ್ ಬೆರೆಸಿದರೆ ಪ್ರತಿ ಲೀಟರ್‌ನಲ್ಲಿ ಆರೇಳು ಪರ್ಸೆಂಟ್ ಶಕ್ತಿ ಕಮ್ಮಿ. ಮೈಲೇಜ್ ಕಮ್ಮಿಯಾಯ್ತು ಅಂತ ಒಬ್ಬರು, ಏನೂ ಆಗಿಲ್ಲ ಅಂತ ಇನ್ನೊಬ್ಬರು ಜಗಳ ಆಡೋವಾಗ ಈ ಸಂಖ್ಯೆ ಕೈಯಲ್ಲಿರಲಿ. ಇಲ್ಲಿ ಮೋಸ ಇಲ್ಲ. ಇರೋದು ಆಯ್ಕೆ: ಆಮದು ತೈಲದ ಡಾಲರ್ ಉಳಿಸೋದಾ, ಕಬ್ಬಿಗೆ ಹೋಗೋ ನೀರು ಉಳಿಸೋದಾ? ಮಂಡ್ಯ, ಬೆಳಗಾವಿ ಕಡೆಯವರಿಗೆ ಇದು ಬರೀ ಚರ್ಚೆಯ ವಿಷಯ ಅಲ್ಲ, ಮನೆಯ ವಿಷಯ.

ಹಾಗಾಗಿ ಫ್ಯಾಮಿಲಿ ಗ್ರೂಪ್‌ನಲ್ಲಿ ಮುಂದಿನ ಸಲ 'ನೀರಿನಿಂದ ಓಡುವ ಬೈಕ್' ಅಥವಾ 'ಎಲೆಯಿಂದ ಪೆಟ್ರೋಲ್' ವಿಡಿಯೋ ಬಂದಾಗ, ಕಳಿಸಿದ ಚಿಕ್ಕಪ್ಪನ್ನ ಗೇಲಿ ಮಾಡಬೇಡಿ. ಬೆಲೆ ಏರಿದಾಗ ಕೈ ಸುಡೋದು ಅವರಿಗೂ ಸುಡುತ್ತೆ, ಆಸೆ ಅಲ್ಲಿಂದಲೇ ಹುಟ್ಟೋದು. ಮೂರೇ ಪ್ರಶ್ನೆ ಕೇಳಿ. ಒಂದು ಲೀಟರಿಗೆ ಎಷ್ಟು ಕೆಜಿ ಎಲೆ? ಪಾತ್ರೆ, ಒಲೆ, ಕೋಲು ಯಾರ ಮನೆಯದ್ದು? ಅವರು ಇಲ್ಲದಾಗ ಬೇರೆಯವರು ಮಾಡಿದರೂ ಬರುತ್ತಾ? ಮೂರಕ್ಕೂ ನೆಟ್ಟಗೆ ಉತ್ತರ ಸಿಕ್ಕರೆ ದಯವಿಟ್ಟು ನನಗೂ ಕಳಿಸಿ. ನನ್ನ ಬೈಕಿಗೂ ಪೆಟ್ರೋಲ್ ಬೇಕು.