ತಾಳಮದ್ದಳೆಯ ಮೂಲಪ್ರತಿ ಕ್ಯಾಸೆಟ್ಟಿನಲ್ಲಿದೆ

ವೇಷ, ಕುಣಿತಗಳಿಲ್ಲದ ಯಕ್ಷಗಾನ ಕೂಟವಾದ ತಾಳಮದ್ದಳೆಗೆ ಎರಡು ಪಾಠಗಳಿವೆ. ಒಂದು, ಭಾಗವತರು ಹಾಡುವ ಪ್ರಸಂಗದ ಪದ್ಯ. ಅದು ತಾಳೆಗರಿಯಲ್ಲಿತ್ತು, ಆಮೇಲೆ ಅಚ್ಚಾಯಿತು. ಇನ್ನೊಂದು, ಆ ಪದ್ಯದ ಮೇಲೆ ಅರ್ಥಧಾರಿ ಕೂತಲ್ಲೇ ಕಟ್ಟುವ ಮಾತು. ಎದುರು ಕೂತವರು ಯಾವ ಪ್ರಶ್ನೆ ಎಸೆಯುತ್ತಾರೆಂಬುದು ಮೊದಲೇ ಗೊತ್ತಿಲ್ಲದ್ದರಿಂದ ಈ ಎರಡನೆಯದನ್ನು ಯಾರೂ ಬರೆದುಕೊಂಡು ಬರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್, ಮಲ್ಪೆ ರಾಮದಾಸ ಸಾಮಗ, ದೇರಾಜೆ ಸೀತಾರಾಮಯ್ಯ ಅವರಂಥವರ ಕೃತಿ ಎಂದರೆ ಆ ರಾತ್ರಿ ಆಡಿದ ಮಾತೇ. ಅದು ಉಳಿದಿದ್ದರೆ ಹೆಚ್ಚಾಗಿ ಉಳಿದಿರುವುದು ಸಭೆಯಲ್ಲಿದ್ದ ಯಾರೋ ಒತ್ತಿದ ರೆಕಾರ್ಡ್ ಗುಂಡಿಯಿಂದ. ಆದ್ದರಿಂದ ಈ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವುದು ಗ್ರಂಥಸಂಪಾದನೆಯ ಕೆಲಸ, ಅದರ ಶಿಸ್ತೇ ಇದಕ್ಕೂ ಸಲ್ಲಬೇಕು: ಮೊದಲು ಇದ್ದದ್ದು ಇದ್ದಂತೆ ಪ್ರತಿ, ತಿದ್ದುಪಡಿ ಏನಿದ್ದರೂ ಆಮೇಲೆ, ಬೇರೆ ಪ್ರತಿಯಲ್ಲಿ.

ಈ ಕಲೆ ಕ್ಯಾಸೆಟ್ಟಿಗಾಗಿ ಕಾಯಬೇಕಾಗಿ ಬಂದದ್ದಕ್ಕೆ ಕಾರಣವಿದೆ. 78 ಸುತ್ತಿನ ಗ್ರಾಮಫೋನ್ ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದದ್ದು ಮೂರು ಚಿಲ್ಲರೆ ನಿಮಿಷ. ಒಂದು ಕೀರ್ತನೆಯನ್ನು ಅದಕ್ಕೆ ತಕ್ಕಂತೆ ಮೊಟಕು ಮಾಡಬಹುದಿತ್ತು, ಕೃಷ್ಣ ಸಂಧಾನದ ಸಂವಾದವನ್ನಲ್ಲ. 1976ರಲ್ಲಿ ಮಂಗಳೂರಿಗೆ ಆಕಾಶವಾಣಿ ಬಂದಾಗ ತಾಳಮದ್ದಳೆಗೂ ಜಾಗ ಸಿಕ್ಕಿತು, ಆದರೆ ಗಡಿಯಾರದ ಅಂಕೆಯೊಳಗೆ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಪುಟ್ಟ ಕ್ಯಾಸೆಟ್ಟು ನಮ್ಮ ಕರಾವಳಿಯ ಮನೆಗಳನ್ನು ಹೊಕ್ಕದ್ದು ಮುಖ್ಯವಾಗಿ ಎಪ್ಪತ್ತು, ಎಂಬತ್ತರ ದಶಕಗಳಲ್ಲಿ. ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ತಂದ ಟು-ಇನ್-ವನ್‌ಗಳಿಗೆ ಇದರಲ್ಲಿ ದೊಡ್ಡ ಪಾಲಿದೆ. ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಮಳೆಗಾಲದುದ್ದಕ್ಕೂ ಕೂಟಗಳು. ಮುಖಕ್ಕೆ 45 ನಿಮಿಷದಂತೆ ಸಿ-90 ಕ್ಯಾಸೆಟ್ಟು ಮೂರೋ ನಾಲ್ಕೋ ಇದ್ದರೆ ಒಂದು ಪ್ರಸಂಗ ಮುಗಿಯುತ್ತಿತ್ತು. 1978ರ ‘ನಿತ್ಯೋತ್ಸವ’ದಂಥ ಭಾವಗೀತೆಯ ಕ್ಯಾಸೆಟ್ಟು ಸ್ಟುಡಿಯೋದಲ್ಲಿ ತಯಾರಾಗಿ ಸಾವಿರಗಟ್ಟಲೆ ಪ್ರತಿಯಾಗಿ ಹರಡಿತು, ಒಂದು ಹಾಳಾದರೆ ಇನ್ನೊಂದು ಸಿಗುತ್ತದೆ. ಕೂಟದ ಕ್ಯಾಸೆಟ್ಟಿಗೆ ಆ ಭಾಗ್ಯವಿಲ್ಲ.

ಒಳ್ಳೆಯ ಧ್ವನಿ ಕಂಪ್ಯೂಟರಿನಲ್ಲಿ ಹುಟ್ಟುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ನಿರ್ಧಾರವಾಗುವುದು ಅದಕ್ಕೂ ಮೊದಲು, ಟೇಪು ಹೆಡ್ಡಿಗೆ ತಾಗುವ ಜಾಗದಲ್ಲಿ. ಕರಾವಳಿಯ ತೇವಕ್ಕೆ ಟೇಪಿನ ಅಂಚಿನಲ್ಲಿ ಬಿಳಿ ಬೂಸ್ಟು ಹಿಡಿದಿರುತ್ತದೆ. ಅದನ್ನು ತೆಗೆಯದೆ ಓಡಿಸಿದರೆ ಹೆಡ್ಡು ಕೊಳೆಯಾಗಿ ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. ಇನ್ನೂ ಮುಖ್ಯವಾದದ್ದು ಹೆಡ್ಡಿನ ಓರೆ. ಪ್ರತಿ ಮನೆಯ ಯಂತ್ರದ ಹೆಡ್ಡೂ ಕೂದಲೆಳೆಯಷ್ಟು ಬೇರೆ ಕೋನದಲ್ಲಿ ಕೂತಿರುತ್ತಿತ್ತು. ಧ್ವನಿಮುದ್ರಿಸಿದ ಕೋನದಲ್ಲೇ ನುಡಿಸದಿದ್ದರೆ ತಾಳದ ಕಿಣಿಕಿಣಿ ಮಂಕಾಗುತ್ತದೆ, ‘ಸ’ಕಾರ, ‘ಶ’ಕಾರಗಳು ಕಂಬಳಿ ಹೊದ್ದಂತೆ ಕೇಳುತ್ತವೆ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಪ್ರತಿ ಕ್ಯಾಸೆಟ್ಟಿಗೂ, ಕೆಲವೊಮ್ಮೆ ಅದರ ಪ್ರತಿ ಮುಖಕ್ಕೂ, ತಾಳ ಅತ್ಯಂತ ಸ್ಪಷ್ಟವಾಗುವವರೆಗೆ ತಿರುಗಿಸಬೇಕು. ಆ ಕ್ಷಣದಲ್ಲಿ ಬರದೇ ಹೋದ ಧ್ವನಿಯನ್ನು ಯಾವ ಸಾಫ್ಟ್‌ವೇರೂ ಮರಳಿ ತರಲಾರದು. ಹಿಸ್ ಸದ್ದು ತಗ್ಗಿಸುವ ಡಾಲ್ಬಿ ಇಲ್ಲದ ಯಂತ್ರದಲ್ಲಿ ಮುದ್ರಿಸಿದ್ದನ್ನು ಡಾಲ್ಬಿ ಗುಂಡಿ ಒತ್ತಿ ನುಡಿಸಿದರೂ ಇದೇ ನಷ್ಟ.

ವೇಗದ್ದು ಬೇರೆಯೇ ಸಮಸ್ಯೆ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಬ್ಯಾಟರಿ ಸೋತು ಯಂತ್ರ ನಿಧಾನವಾಗಿ ಮುದ್ರಿಸಿದ್ದರೆ, ಸರಿಯಾದ ವೇಗದಲ್ಲಿ ನುಡಿಸಿದಾಗ ಭಾಗವತರ ಶ್ರುತಿ ಏರುತ್ತದೆ, ಅರ್ಥಧಾರಿಯ ಗಾಂಭೀರ್ಯ ಕುಗ್ಗುತ್ತದೆ. ವೇಗದಲ್ಲಿ ನೂರಕ್ಕೆ ಆರರಷ್ಟು ವ್ಯತ್ಯಾಸವಾದರೆ ಹಾರ್ಮೋನಿಯಂನ ಒಂದು ಮನೆಯೇ ಜರುಗಿದಂತೆ. ಇದಕ್ಕೆ ಸಾಕ್ಷಿ ಟೇಪಿನಲ್ಲೇ ಇರುತ್ತದೆ: ಸಭೆಯ ಧ್ವನಿವರ್ಧಕದಿಂದ ಬಂದ ಕರೆಂಟಿನ ಗುಂಯ್ ಸದ್ದು. ಅದು 50 ಹರ್ಟ್ಸ್ ಇರಬೇಕಾದಲ್ಲಿ 53 ತೋರಿಸಿದರೆ ಯಂತ್ರ ನಿಧಾನವಾಗಿತ್ತೆಂದು ತಿಳಿಯಬಹುದು. ಆದರೆ ಆ ಕಾಲದಲ್ಲಿ ನಮ್ಮ ವಿದ್ಯುತ್ ಜಾಲದ ಆವರ್ತನವೇ ಆಗಾಗ 50ಕ್ಕಿಂತ ಕೆಳಗಿಳಿಯುತ್ತಿತ್ತು. ಅದೇ ಭಾಗವತರು ಸಾಮಾನ್ಯವಾಗಿ ಹಾಡುತ್ತಿದ್ದ ಶ್ರುತಿಯನ್ನೂ ಪಕ್ಕದಲ್ಲಿಟ್ಟು ನೋಡಿಯೇ ತೀರ್ಮಾನಿಸಬೇಕು. ಕಿವಿಗೆ ಕಿರಿಕಿರಿಯೆಂದು ಈ ಗುಂಯ್ ಸದ್ದನ್ನು ಮೊದಲೇ ಅಳಿಸಿಬಿಟ್ಟರೆ ಸಾಕ್ಷಿಯೂ ಅಳಿಯುತ್ತದೆ.

ಕೇಳುಗರಿಗೆ ಶುದ್ಧ ಧ್ವನಿ ಬೇಕಲ್ಲ, ಹಿಸ್ ಸದ್ದಿನ ಮಧ್ಯೆ ಯಾರು ಕೇಳುತ್ತಾರೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಹಂಚಲು ಒಂದು ಹಗುರ, ಶುಚಿಯಾದ ಪ್ರತಿ ಇರಲಿ. ಆದರೆ ಹಿಸ್ ಇರುವ ಆವರ್ತನಗಳಲ್ಲೇ ಕನ್ನಡದ ಊಷ್ಮಾಕ್ಷರಗಳೂ ಇವೆ. ಜೋರಾಗಿ ಒರೆಸಿದರೆ ಎರಡೂ ಹೋಗುತ್ತವೆ. ಮನೆಯ ಯಂತ್ರಗಳು ಧ್ವನಿಮಟ್ಟವನ್ನು ತಾವೇ ಏರಿಳಿಸುತ್ತಿದ್ದುದೂ ತೊಡಕು: ಚೆಂಡೆ ಬಿದ್ದೊಡನೆ ಎಲ್ಲವೂ ತಗ್ಗುತ್ತದೆ, ಅರ್ಥಧಾರಿ ಅರೆಕ್ಷಣ ಮೌನವಾದರೆ ಮಳೆಯ ಸದ್ದು ಮೇಲೇಳುತ್ತದೆ. ಸಾಫ್ಟ್‌ವೇರು ಆ ಮಳೆಯನ್ನೂ, ಉತ್ತರ ನಾಟಿದಾಗ ಸಭೆಯಲ್ಲಿ ಎದ್ದ ನಗೆಯನ್ನೂ ಒಟ್ಟಿಗೆ ಕಸವೆಂದು ಎಣಿಸಬಹುದು. ನನ್ನ ಮಟ್ಟಿಗೆ ಆ ನಗೆ ಪಾಠದ ಭಾಗ, ಏಕೆಂದರೆ ಮುಂದಿನ ಮಾತು ಅದರ ಮೇಲೆ ನಿಂತಿದೆ.

ಜಾಗ ಸಾಲದು ಎಂಬ ದೂರಿಗೆ ಈಗ ಅರ್ಥವಿಲ್ಲ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಎರಡೂ ಚಾನೆಲ್ ತುಂಬಿದರೆ ಒಂದು ಸಿ-90 ಸುಮಾರು ಒಂದೂವರೆ ಜಿ.ಬಿ. ಹೆಚ್ಚು ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಕ್ಷಣದಲ್ಲಿ ಹುಟ್ಟಿ ಕ್ಷಣದಲ್ಲಿ ಮುಗಿಯುವ ಕಲೆಯನ್ನು ಕಟ್ಟಿಹಾಕಿದರೆ ಅನುಕರಣೆ ಬೆಳೆಯುತ್ತದೆ. 1990ರಲ್ಲಿ ಎಳೆಯ ವಯಸ್ಸಿಗೇ ತೀರಿಕೊಂಡ ಭಾಗವತ ಕಾಳಿಂಗ ನಾವಡರ ಹಾಡಿಕೆಯನ್ನು ಕ್ಯಾಸೆಟ್ ಕೇಳಿ ಅನುಕರಿಸಿದವರು ಎಷ್ಟೋ ಮಂದಿ, ನಿಜ. ಆದರೆ ಒಂದೇ ಮುದ್ರಣ ಮತ್ತೆ ಮತ್ತೆ ಹರಿದಾಡಿದಾಗಲೇ ಅನುಕರಣೆ ಹೆಚ್ಚು. ಒಬ್ಬರೇ ಅರ್ಥಧಾರಿಯ ವಾಲಿ ಬೇರೆ ಬೇರೆ ಕೂಟಗಳಲ್ಲಿ ಬೇರೆ ಬೇರೆ ಜಾಡು ಹಿಡಿದದ್ದು ಕೇಳಸಿಕ್ಕರೆ, ಕಿರಿಯರಿಗೆ ದಕ್ಕುವುದು ಕಟ್ಟುವ ಕ್ರಮ.

ಹೀಗೆ ಹಲವು ಪ್ರತಿಗಳು ಬೇಕೆನ್ನಲು ಇನ್ನೊಂದು ಕಾರಣ ಕ್ಯಾಸೆಟ್ಟಿನ ರಚನೆಯಲ್ಲೇ ಇದೆ. 45 ನಿಮಿಷಕ್ಕೆ ಟೇಪು ಮುಗಿದು, ಮಗುಚಿ ಹಾಕುವಷ್ಟರಲ್ಲಿ ವಾದದ ಒಂದೆರಡು ವಾಕ್ಯ ಕಳೆದುಹೋಗುತ್ತದೆ. ಅದೇ ಸಭೆಯಲ್ಲಿ ಇನ್ನೊಬ್ಬರು ಬೇರೆ ಹೊತ್ತಿಗೆ ಶುರುಮಾಡಿದ ಮುದ್ರಣ ಸಿಕ್ಕಿದರೆ ಆ ತೆರಪನ್ನು ತುಂಬಬಹುದು. ಎರಡು ಯಂತ್ರಗಳ ವೇಗವನ್ನು ಹೊಂದಿಸಿ ಜೋಡಿಸಲು ಎರಡೂ ಪ್ರತಿಗಳು ಒರೆಸದೆ, ಕತ್ತರಿಸದೆ, ಡಬ್ಬಿಯ ಮೇಲಿನ ಕೈಬರಹದ ತಾರೀಕು, ಊರು, ಕಲಾವಿದರ ಹೆಸರುಗಳ ಸಮೇತ ಉಳಿದಿರಬೇಕು.