ಹಗೇವಿನಿಂದ ಗೋದಾಮಿಗೆ: ಕಷ್ಟಕಾಲದ ಕಾಳಿನ ಕಥೆ



ನಮ್ಮ ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಸಾಲ, ಠೇವಣಿ, ಷೇರು ಬಂಡವಾಳದ ಲೆಕ್ಕಗಳನ್ನು ಕಾರ್ಯದರ್ಶಿಗಳು ಬೇರೆ ಕಡೆ ಕೊಟ್ಟಿದ್ದಾರೆ. ನನಗೆ ಇತಿಹಾಸದ ಬಗ್ಗೆ ಬರೆಯಿರಿ ಎಂದರು. ರಾಜ ಮಹಾರಾಜರ ಇತಿಹಾಸ ಬರೆಯುವಷ್ಟು ನಾನು ಓದಿದವನಲ್ಲ. ಆದರೆ ಮಣ್ಣಿನಲ್ಲಿ ದುಡಿಯುವ ನಮಗೆಲ್ಲ ಸೇರಿದ ಒಂದು ಇತಿಹಾಸವಿದೆ. ಅದು ಕಾಳಿನ ಇತಿಹಾಸ. ಬ್ಯಾಂಕು, ಸೊಸೈಟಿ, ರೇಷನ್ ಅಂಗಡಿ ಯಾವುದೂ ಇಲ್ಲದ ಕಾಲದಲ್ಲಿ ಮಳೆ ಕೈಕೊಟ್ಟರೆ ನಮ್ಮ ಹಿರೀಕರು ಹೇಗೆ ಬದುಕಿದರು? ಉತ್ತರ ಒಂದೇ ಮಾತು: ಹಗೇವು.

ಈಗಿನ ಹುಡುಗರಿಗೆ ಈ ಪದವೇ ಗೊತ್ತಿಲ್ಲ. ಆದ್ದರಿಂದ ಮೊದಲು ಅದನ್ನೇ ಹೇಳುತ್ತೇನೆ.

ಹಗೇವು ಎಂದರೇನು?

ಹಗೇವು ಎಂದರೆ ನೆಲದೊಳಗಿನ ಕಣಜ. ಬಯಲು ಸೀಮೆಯಲ್ಲಿ ರಾಗಿಗೆ, ಉತ್ತರದ ಕಡೆ ಜೋಳಕ್ಕೆ ಇದೇ ಆಶ್ರಯ. ನೀರು ನಿಲ್ಲದ ಎತ್ತರದ ಜಾಗ, ಗಟ್ಟಿ ಮಣ್ಣು ನೋಡಿ ತೋಡುತ್ತಿದ್ದರು. ಬಾಯಿ ಕಿರಿದು, ಒಬ್ಬ ಮನುಷ್ಯ ಇಳಿಯುವಷ್ಟು ಮಾತ್ರ. ಒಳಗೆ ಹೊಟ್ಟೆ ಗುಡಾಣದ ಹಾಗೆ ಅಗಲ. ತೋಡಿದ ಮೇಲೆ ಒಳಗೆ ಬೆಂಕಿ ಹಾಕಿ ಗೋಡೆಯ ತೇವವನ್ನೆಲ್ಲ ಒಣಗಿಸುವುದು, ತಳಕ್ಕೂ ಸುತ್ತಲಿಗೂ ಒಣಹುಲ್ಲು ಕೊಟ್ಟು ರಾಗಿ ಸುರಿಯುವುದು, ಕತ್ತಿನವರೆಗೆ ತುಂಬಿದ ಮೇಲೆ ಹುಲ್ಲು ಒತ್ತಿ ಚಪ್ಪಡಿ ಕಲ್ಲು ಮುಚ್ಚಿ ಮಣ್ಣು ಮೆತ್ತುವುದು. ಅಷ್ಟೇ. ಮೇಲೆ ಗಾಡಿ ಓಡಾಡಿದರೂ ಚಿಂತೆಯಿಲ್ಲ.

ಮನೆಯೊಳಗೆ ಕಣಜ, ವಾಡೆ, ಗುಡಾಣ ಇದ್ದರೂ ಅವು ವರ್ಷದ ಊಟಕ್ಕೆ. ಹಗೇವು ವರ್ಷ ಮೀರಿದ ಕಷ್ಟಕ್ಕೆ. ನೆಲದೊಳಗೆ ಇರುವುದರಿಂದ ಬೆಂಕಿಯ ಭಯವಿಲ್ಲ, ಇಲಿಯ ಕಾಟ ಕಡಿಮೆ. ದಂಡು ಬಂದು ಊರು ಸುಲಿಗೆಯಾದರೂ ಕಣ್ಣಿಗೆ ಬೀಳುವುದಿಲ್ಲ. ಹೈದರ್, ಟಿಪ್ಪು ಕಾಲದ ಯುದ್ಧಗಳಲ್ಲಿ ಮೇಲಿಂದ ಮೇಲೆ ದಂಡು ಹಾದುಹೋದ ಸೀಮೆ ನಮ್ಮದು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಲು ಬಂದ ಬುಕಾನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯ ಕೂಡ ರಾಗಿಯನ್ನು ಗುಂಡಿಗಳಲ್ಲಿ ಕಾಪಾಡುವ ಪದ್ಧತಿಯನ್ನು ಬರೆದಿಟ್ಟಿದ್ದಾನೆ.

ರಾಗಿ ಯಾಕೆ ಕೆಡುವುದಿಲ್ಲ?

ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ಇದನ್ನೇ ಕಥೆ ಮಾಡಿದ್ದಾರೆ. ಅಕ್ಕಿ ಹೆಚ್ಚೋ ರಾಗಿ ಹೆಚ್ಚೋ ಎಂದು ಜಗಳ ಬಂದಾಗ ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರಗೆ ತೆಗೆದಾಗ ಅಕ್ಕಿ ಸೊರಗಿತ್ತು, ರಾಗಿ ಹಾಗೇ ಇತ್ತು. ಕಥೆ ಅಂದರೂ ರೈತನ ಅನುಭವವೇ ಅದರೊಳಗಿದೆ.

ಕಾರಣ ಸರಳ. ರಾಗಿ ಕಾಳು ಸಣ್ಣದು, ಹುಳಕ್ಕೆ ಒಳಹೊಕ್ಕು ಮೊಟ್ಟೆಯಿಡುವುದು ಕಷ್ಟ. ಕಾಳಿಗೆ ಕಾಳು ಒತ್ತಿಕೊಂಡು ಕೂರುವುದರಿಂದ ನಡುವೆ ಗಾಳಿಯೂ ಕಡಿಮೆ. ಹಗೇವಿನ ಬಾಯಿ ಮುಚ್ಚಿದ ಮೇಲೆ ಒಳಗಿನ ಕಾಳೂ ಹುಳವೂ ಉಸಿರಾಡಿ ಇದ್ದಬದ್ದ ಆಮ್ಲಜನಕವನ್ನು ಮುಗಿಸುತ್ತವೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳ ಬದುಕುವುದಿಲ್ಲ. ಈಗ ಪೇಟೆಯಲ್ಲಿ ಗಾಳಿಯಾಡದ ಪದರದ ಚೀಲಗಳು ಬಂದಿವೆಯಲ್ಲ, ಅವುಗಳ ಗುಟ್ಟೂ ಇದೇ. ಯಾವ ಪುಸ್ತಕವನ್ನೂ ಓದದೆ ನಮ್ಮವರು ಇದನ್ನು ಕಂಡುಕೊಂಡಿದ್ದರು.

ಅದೇ ಗಾಳಿ ಮನುಷ್ಯನಿಗೂ ಮೃತ್ಯು. ಹಗೇವಿನ ಕಲ್ಲು ಸರಿಸಿದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಹಳ ಹೊತ್ತು ಬಾಯಿ ತೆರೆದಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು ನೋಡುವರು. ದೀಪ ಆರಿದರೆ ಇಳಿಯುವಂತಿಲ್ಲ. ಆತುರಪಟ್ಟು ಇಳಿದು ಪ್ರಾಣ ಬಿಟ್ಟವರ ಕಥೆ ಹಗೇವು ಇದ್ದ ಊರುಗಳಲ್ಲೆಲ್ಲ ಇದೆ. ಹಳೇ ಹಗೇವು ಇರುವ ಮನೆಯವರು ಈಗಲೂ ಈ ಮಾತು ನೆನಪಿಡಬೇಕು.

ಇನ್ನೊಂದು ವಿಶೇಷ. ಹಗೇವನ್ನು ದಿನಾ ಒಂದಿಷ್ಟು ಅಂತ ತೆಗೆಯೋಕೆ ಬರೋದಿಲ್ಲ. ಒಮ್ಮೆ ಬಾಯಿ ತೆರೆದರೆ ಹೊಸ ಗಾಳಿ, ತೇವ ಒಳಗೆ ಹೋಗಿ ಕಾಳು ಕೆಡುತ್ತದೆ. ಆದ್ದರಿಂದ ತೆಗೆದರೆ ಪೂರ್ತಿ ತೆಗೆಯಬೇಕು. ಒಬ್ಬ ಹಗೇವು ತೆಗೆದರೆ ಕೇರಿಯ ಜನ ಚೀಲ ಹಿಡಿದು ಬರುತ್ತಿದ್ದರು. ಕೊಳಗದಲ್ಲಿ ಅಳೆಯುವಾಗ ಒಂದು ಅನ್ನದೆ "ಲಾಭ" ಅಂತ ಎಣಿಕೆ ಶುರು. ಇಷ್ಟು ಕೊಳಗ ಕೊಟ್ಟೆ, ಸುಗ್ಗಿಗೆ ವಾಪಸು ಅಳೆಯಬೇಕು ಎಂಬ ಮಾತು. ನೆಂಟರಿಷ್ಟರಿಗೆ ಹಾಗೇ ಕೈಗಡ, ಉಳಿದವರಿಗೆ ಸವಾಯಿ, ಅಂದರೆ ನಾಲ್ಕಕ್ಕೆ ಐದು. ಕಾಗದ ಪತ್ರ ಇಲ್ಲದ ಸಾಲದ ವ್ಯವಹಾರ ಅದು. ಕೊಡುವವನಿಗೆ ಹಳೇ ರಾಗಿ ಖಾಲಿಯಾಗಿ ಹೊಸ ರಾಗಿ ತುಂಬುತ್ತಿತ್ತು, ಪಡೆಯುವವನಿಗೆ ಮಳೆಗಾಲ ದಾಟುತ್ತಿತ್ತು.

ಹಳೇದನ್ನು ತೆಗೆದು ಹೊಸದನ್ನು ತುಂಬಬೇಕೆಂಬ ನಿಯಮ ಬಹಳ ಹಿಂದಿನದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ರಾಜನ ಉಗ್ರಾಣದಲ್ಲಿ ಅರ್ಧವನ್ನು ಪ್ರಜೆಗಳ ಆಪತ್ತಿಗೆ ಮೀಸಲಿಡಬೇಕು, ಹಳೆಯದರ ಬದಲು ಹೊಸದನ್ನು ಹಾಕುತ್ತಿರಬೇಕು ಎಂದಿದೆ.

ಧಾತು ಈಶ್ವರದ ಬರ ಕಲಿಸಿದ ಪಾಠ

ಹಾಗಾದರೆ ಹಗೇವು ಇದ್ದ ಮೇಲೆ ನಮ್ಮ ಸೀಮೆಯಲ್ಲಿ ಯಾರೂ ಹಸಿವಿನಿಂದ ಸಾಯಲಿಲ್ಲವೇ? ಸತ್ತರು. ಇದನ್ನು ಮುಚ್ಚಿಟ್ಟು ಹಳೇ ಕಾಲವೇ ಚೆನ್ನ ಎಂದು ಬರೆದರೆ ತಪ್ಪಾಗುತ್ತದೆ.

ಧಾತು ಸಂವತ್ಸರ ಅಂದರೆ 1876-77, ಈಶ್ವರ ಸಂವತ್ಸರ ಅಂದರೆ 1877-78. ಮೊದಲೇ ಮಳೆ ಕಡಿಮೆಯಾಗಿದ್ದ ಸೀಮೆಯಲ್ಲಿ 1876ರಲ್ಲಿ ಮುಂಗಾರೂ ಹೋಯಿತು, ಹಿಂಗಾರೂ ಹೋಯಿತು. ಹಗೇವು ಇದ್ದ ಮನೆಗಳು ಮೊದಲ ವರ್ಷ ತಡೆದುಕೊಂಡವು. 1877ರಲ್ಲೂ ಮುಂಗಾರು ಸಕಾಲಕ್ಕೆ ಬರಲಿಲ್ಲ. ಒಂದೊಂದಾಗಿ ಹಗೇವುಗಳ ತಳ ಕಂಡವು. ಬೆಂಗಳೂರಿಗೆ ಮದ್ರಾಸ್ ಕಡೆಯಿಂದ 1864ರಲ್ಲೇ ರೈಲು ಬಂದಿತ್ತು, ಧಾನ್ಯವೂ ಬಂತು. ಆದರೆ ಅಲ್ಲಿಂದ ಹಳ್ಳಿಗೆ ತರಬೇಕಾದ ಎತ್ತುಗಳು ಮೇವಿಲ್ಲದೆ ಸತ್ತಿದ್ದವು. ಪಕ್ಕದ ಮದ್ರಾಸ್ ಪ್ರಾಂತ್ಯದ ಬರಗಾಲದ ಕಾಮಗಾರಿಗಳಲ್ಲಿ ಕಲ್ಲು ಮಣ್ಣು ಹೊರುವ ಆಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಸಾಕು ಎಂದು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಲೆಕ್ಕ ಹಾಕಿದ್ದ.

1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷದ ಮೇಲೆ 1881ರಲ್ಲಿ 41,86,188. ಬೆಳೆಯಬೇಕಾದ ಜನಸಂಖ್ಯೆ ಎಂಟೂವರೆ ಲಕ್ಷಕ್ಕೂ ಮೇಲೆ ಇಳಿದಿತ್ತು. ಈ ಅಂಕಿ ನೋಡಿದರೆ ಎದೆ ಝಲ್ ಅನ್ನುತ್ತದೆ.

ಮೊದಲು ಸತ್ತವರು ಯಾರು? ಹೊಲವಿಲ್ಲದ ಕೂಲಿಯವರು, ಮಗ್ಗದವರು, ಸುಗ್ಗಿಯ ಆಯವನ್ನೇ ನಂಬಿದ್ದ ಕಸುಬಿನವರು. ಅವರಿಗೆ ಹಗೇವು ಇರಲಿಲ್ಲ. ಹಗೇವು ಇದ್ದವರು ಕೂಡ ಎರಡನೇ ವರ್ಷಕ್ಕೆ ಕಲ್ಲು ಸರಿಸಿ ಕೊಡಲು ಹಿಂಜರಿದರು. ಅವರನ್ನು ದೂರುವಂತಿಲ್ಲ, ಅವರ ಮಕ್ಕಳೂ ಹಸಿದಿದ್ದವು. ಅಂದರೆ ಒಂಟಿ ಮನೆಯ ಹಗೇವು ಒಂದು ಮನೆಯನ್ನು ಒಂದು ಬರದಿಂದ ಉಳಿಸುತ್ತದೆ. ಬರದ ಮೇಲೆ ಬರ ಬಂದಾಗ ಊರನ್ನು ಉಳಿಸಲು ಊರಿಗೇ ಒಂದು ಹಗೇವು ಬೇಕು.

ಬರದ ಮಗು ಈ ಸಹಕಾರ

ನಮ್ಮಲ್ಲಿ ಬಹಳ ಜನಕ್ಕೆ ತಿಳಿಯದ ಒಂದು ಸಂಗತಿ ಹೇಳುತ್ತೇನೆ. ನಮ್ಮ ದೇಶದ ಸಹಕಾರ ಸಂಘಗಳ ಬೇರು ಇರುವುದು ಬರಗಾಲದಲ್ಲಿ. ಧಾತು ಈಶ್ವರದ ಬರದ ನಂತರ 1880ರಲ್ಲಿ ಕ್ಷಾಮ ಆಯೋಗದ ವರದಿ ಬಂತು. 1899-1900ರಲ್ಲಿ ಮತ್ತೆ ದೊಡ್ಡ ಬರ ಬಿದ್ದಾಗ 1901ರ ಆಯೋಗವು ರೈತ ಸಾಹುಕಾರನ ಸಾಲದಲ್ಲಿ ಮುಳುಗಿದ್ದಾನೆ, ಅವರವರೇ ಸೇರಿ ಸಾಲದ ಸಂಘ ಮಾಡಿಕೊಳ್ಳಲಿ ಎಂದು ಸಲಹೆ ಕೊಟ್ಟಿತು. 1904ರಲ್ಲಿ ಕಾಯ್ದೆ ಬಂತು. 1905ರಲ್ಲಿ ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶಕ್ಕೇ ಮೊದಲಾದ ಸಹಕಾರ ಪತ್ತಿನ ಸಂಘ ಕಟ್ಟಿದರು. ಕನ್ನಡ ನಾಡಿನ ಹಳ್ಳಿಯೊಂದು ಹಾಕಿದ ಹೆಜ್ಜೆಯ ಗುರುತಿನಲ್ಲೇ ನಮ್ಮ ಸಂಘವೂ ನಡೆದು ಬಂದಿದೆ ಎಂಬುದು ಹೆಮ್ಮೆಯ ವಿಷಯ.

ಹಗೇವು ಮುಚ್ಚಿದ್ದು ಹೇಗೆ?

ಎರಡನೇ ಮಹಾಯುದ್ಧದ ಕಾಲದಲ್ಲಿ ಬರ್ಮಾ ಅಕ್ಕಿ ನಿಂತಿತು, 1943ರಲ್ಲಿ ಬಂಗಾಳದಲ್ಲಿ ಸುಮಾರು 30 ಲಕ್ಷ ಜನ ಹಸಿವು, ರೋಗಗಳಿಂದ ಸತ್ತರು. ಪಡಿತರ, ಲೆವಿ ಬಂದವು. ಕಣಕ್ಕೇ ಬಂದು ರಾಗಿ ಅಳೆದುಕೊಂಡು ಹೋಗುತ್ತಿದ್ದ ಆ ದಿನಗಳಲ್ಲಿ ರಾತ್ರೋರಾತ್ರಿ ಹಗೇವು ತುಂಬಿದ ಕಥೆಗಳನ್ನು ಹಿರಿಯರು ನಗುತ್ತಾ ಹೇಳುತ್ತಿದ್ದರು. 1965ರಲ್ಲಿ ಭಾರತ ಆಹಾರ ನಿಗಮ ಆಯಿತು. ಅದೇ ಹೊತ್ತಿಗೆ 1965-66ರ ಬರ. ಹಡಗಿನಲ್ಲಿ ಅಮೆರಿಕದ ಗೋಧಿ ಬರಬೇಕಾಯಿತು. ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ಕೇಳಿಕೊಂಡರು.

ಆಮೇಲೆ ಕಾಲ ಬದಲಾಯಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು, ಇಳುವರಿ ಏರಿತು. ನ್ಯಾಯಬೆಲೆ ಅಂಗಡಿ ಬಂತು. ನಾಲೆ ಹರಿದ ಕಡೆ ನೆಲ ಜೌಗಾಗಿ ಹಗೇವಿನ ರಾಗಿ ಮುಗ್ಗಾಯಿತು. ಕೂಡು ಕುಟುಂಬ ಒಡೆದು ಪಾಲಾದಾಗ ಹಗೇವನ್ನು ಪಾಲು ಮಾಡಲಾಗಲಿಲ್ಲ. ಹುಡುಗರು, ದನ ಬಿದ್ದಾವು ಅಂತ ಮಣ್ಣು ತುಂಬಿದರು, ಮೇಲೆ ಕಾಂಕ್ರೀಟ್ ರಸ್ತೆಯೂ ಬಂತು. 2013ರಿಂದ ಅನ್ನಭಾಗ್ಯದ ಅಕ್ಕಿ ಬಂದ ಮೇಲೆ ಬಡವರ ಮನೆಯ ಒಲೆ ಆರದಂತಾಯಿತು. ಇದು ಸಣ್ಣ ಮಾತಲ್ಲ. ಧಾತು ಬರದಲ್ಲಿ ಸತ್ತವರಿಗೆ ಇಲ್ಲದಿದ್ದ ಆಸರೆ ಇದು.

ಆದರೆ ಜೊತೆಗೇ ಇನ್ನೊಂದು ನಡೆಯಿತು. ಕಣದಿಂದಲೇ ರಾಗಿ ಮಾರಿ, ಆರು ತಿಂಗಳ ಮೇಲೆ ಅಂಗಡಿಯಿಂದ ರಾಗಿ ಹಿಟ್ಟಿನ ಪ್ಯಾಕೆಟ್ ತರುವ ರೈತರು ನಾವಾದೆವು. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆದಾಗ ಬೆಂಗಳೂರಿನಿಂದ ಮಕ್ಕಳು ಮೊಮ್ಮಕ್ಕಳು ಊರಿಗೆ ಬಂದರು. ರಾಗಿ ಇದ್ದ ಮನೆಯಲ್ಲಿ ಇನ್ನೂ ನಾಲ್ಕು ತಟ್ಟೆ ಹಾಕಿದರು, ಇಲ್ಲದವರು ಅಂಗಡಿ ಬಾಗಿಲು ನೋಡಿದರು. 2023ರಲ್ಲಿ ಮಳೆ ಹೋಗಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಆಚರಿಸಿದ್ದೂ ಅದೇ ವರ್ಷ!

ಈಗ ಮಾಡಬೇಕಾದ್ದು

ಬೆಂಕಿ ಬಿದ್ದಾಗ ಬಾವಿ ತೋಡಿದರೆ ಆಗದು. ಮತ್ತೆ ಹಗೇವು ತೋಡಿ ಎಂದು ನಾನು ಹೇಳುತ್ತಿಲ್ಲ. ಲೆಕ್ಕ ನೋಡಿ: ಐದು ಜನರ ಮನೆಗೆ ತಲೆಗೆ ದಿನಕ್ಕೆ 300 ಗ್ರಾಂ ರಾಗಿ ಎಂದರೆ ಒಂದೂವರೆ ಕೆ.ಜಿ., ವರ್ಷಕ್ಕೆ ಸುಮಾರು ಐದೂವರೆ ಕ್ವಿಂಟಾಲ್. ಮಳೆ ನೆಟ್ಟಗೆ ಆದರೆ ಒಂದು ಎಕರೆಯೊಳಗೇ ಇದು ಸಿಗುತ್ತದೆ. ಅಷ್ಟನ್ನು ಇಟ್ಟುಕೊಂಡು ಮಿಕ್ಕಿದ್ದನ್ನು ಮಾರೋಣ.

ಇಡುವಾಗ ನಾಲ್ಕು ಮಾತು ನೆನಪಿರಲಿ. ಚೆನ್ನಾಗಿ ಒಣಗಿಸಿ, ಅಂಗೈಯಲ್ಲಿ ಹಿಡಿದರೆ ಜರ್ರನೆ ಜಾರಬೇಕು. ಚೀಲಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಹಿಟ್ಟು ಮಾಡಿಸಿ ಇಡಬೇಡಿ, ಕಾಳಾಗಿಯೇ ಇಟ್ಟು ಹಳೇದನ್ನು ಮೊದಲು ಬಳಸಿ. ತೊಗರಿಗೆ ಕೆಮ್ಮಣ್ಣು, ಅವರೆ ಹುರುಳಿಗೆ ಬೂದಿ, ಬೇವಿನ ಸೊಪ್ಪು ಸಾಕು. ಹುಳದ ಮಾತ್ರೆಗಳನ್ನು ಜನ ಮಲಗುವ ಮನೆಯಲ್ಲಿ ಇಡಲೇಬೇಡಿ, ಅದರ ಹೊಗೆಯಿಂದ ಪ್ರಾಣವೇ ಹೋಗುತ್ತದೆ. ಬಿತ್ತನೆ ಬೀಜವನ್ನು ಊಟದ ಕಾಳಿನ ಜೊತೆ ಬೆರೆಸದೆ ಬೇರೆಯೇ ತೆಗೆದಿಡಿ.

ಇನ್ನು ಹೊಲವಿಲ್ಲದ ಮನೆಗಳ ಮಾತು. ಅವರಿಗೆ ಎಲ್ಲಿಯ ಹಗೇವು? ಇಲ್ಲಿಯೇ ಸಂಘದ ಕೆಲಸ ಇರುವುದು. ನಮ್ಮ ಗೋದಾಮು ಗೊಬ್ಬರದ ಹಂಗಾಮು ಬಿಟ್ಟರೆ ಉಳಿದ ತಿಂಗಳು ಅರ್ಧ ಖಾಲಿಯೇ ಇರುತ್ತದೆ. ಗೊಬ್ಬರ, ಔಷಧಿಯಿಂದ ಬೇರೆಯಾಗಿ ಒಂದು ಕೋಣೆಯನ್ನು ಕಾಳಿಗೆ ಬಿಟ್ಟು, ಸುಗ್ಗಿಯಲ್ಲಿ ಶಕ್ತಿಯಿದ್ದ ಸದಸ್ಯರು ಒಂದೊಂದು ಚೀಲ ರಾಗಿಯನ್ನು ಠೇವಣಿಯಾಗಿ ಅಳೆಯಲಿ. ಮಳೆಗಾಲದಲ್ಲಿ ಬೇಕಾದವರು ಪಡೆದು ಮುಂದಿನ ಸುಗ್ಗಿಗೆ ತೀರಿಸಲಿ, ಕೂಲಿಯವರು ಹಣದಲ್ಲಿ ತೀರಿಸಲಿ. ಸವಾಯಿ ಬೇಡ, ಒಣಗಿ ತೂಕ ಇಳಿಯುವಷ್ಟು ಮಾತ್ರ ಹೆಚ್ಚಿಗೆ ಕೊಟ್ಟರೆ ಸಾಕು. ಪ್ರತಿ ವರ್ಷ ಹಳೇದು ಹೋಗಿ ಹೊಸದು ತುಂಬುತ್ತದೆ. ಬರ ಬಂದ ವರ್ಷ ಕಲ್ಲು ಸರಿಸಲು ಯಾರೊಬ್ಬರ ಮನಸ್ಸನ್ನೂ ಕಾಯಬೇಕಾಗಿಲ್ಲ, ಅದು ಎಲ್ಲರದು. ಬರುವ ಮಹಾಸಭೆಯಲ್ಲಿ ಈ ವಿಷಯ ಇಡಬೇಕೆಂದಿದ್ದೇನೆ. ಬೈಲಾ, ಜಾಗ, ಜವಾಬ್ದಾರಿ ಎಲ್ಲದರ ಪ್ರಶ್ನೆಗಳು ಬರುತ್ತವೆ, ಬರಲಿ. ಸದಸ್ಯರು ಮನೆಯಲ್ಲಿ ಹೆಂಗಸರ ಜೊತೆಯೂ ಮಾತಾಡಿಕೊಂಡು ಬರಬೇಕು. ಎಷ್ಟು ದಿನಕ್ಕೆ ಎಷ್ಟು ಕಾಳು ಬೇಕೆಂಬ ಲೆಕ್ಕ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು.

 ಸಂಘವು ಚಿನ್ನದ ಹಬ್ಬವನ್ನೂ ಕಾಣಲಿ, ಅಷ್ಟು ಹೊತ್ತಿಗೆ ಅದರ ಗೋದಾಮಿನಲ್ಲಿ ಊರಿನ ರಾಗಿಯೂ ಇರಲಿ ಎಂದು ಹಾರೈಸುತ್ತೇನೆ.